ತೆಗೆದುಹಾಕಿದ ಅರ್ಧ ಗಂಟೆ

ಮೊದಲ ಮಾತು ಆಡುವ ಮುಂಚೆ ಮೂರು ಎಣಿಸಬೇಕು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಫೋನಿನಲ್ಲಿ ನೋಡಿ ನೋಡಿ ತಾನೇ ಕಂಡುಕೊಂಡಿದ್ದ. ಕತ್ತಲಿನಿಂದ ನಡೆದು ಬಂದು ದುಂಡನೆಯ ಬೆಳಕಿನೊಳಗೆ ನಿಲ್ಲುವ ಆ ಗಂಡಸರು, ಹೆಂಗಸರು ಯಾರೂ ಬಂದ ಕೂಡಲೇ ಬಾಯಿ ತೆರೆಯುತ್ತಿರಲಿಲ್ಲ. ಎದುರಿಗೆ ಕೂತವರನ್ನು ಈ ಕಡೆಯಿಂದ ಆ ಕಡೆಗೆ ಒಮ್ಮೆ ನೋಡುತ್ತಿದ್ದರು, ಊಟಕ್ಕೆ ಕೂತ ಮಕ್ಕಳನ್ನು ತಾಯಿ ಎಣಿಸುವ ಹಾಗೆ. ಆಮೇಲೆ ಮಾತು. ಕಾರ್ಯಾಗಾರದ ಹಿಂದಿನ ತೊಟ್ಟಿಯ ಮುಂದೆ ನಿಂತು, ಉಗುರಿನ ಸಂದಿಯ ಪ್ಲಾಸ್ಟರನ್ನು ಹಳೇ ಬ್ರಷ್ಷಿನಿಂದ ಉಜ್ಜುತ್ತ ಅವನು ಒಂದು, ಎರಡು, ಮೂರು ಎಂದು ಎಣಿಸಿದ. "ನಾನು ಮೂವತ್ತೊಂದು ವರ್ಷದಿಂದ ಕಾಲು ಮಾಡುತ್ತಿದ್ದೇನೆ" ಎಂದು ಮೂಲೆ ಒಡೆದ ಕನ್ನಡಿಗೆ ಹೇಳಿದ. ದನಿ ಫೋನಿನವರ ಹಾಗೆ ಹೊಟ್ಟೆಯಿಂದ ಬರಲಿಲ್ಲ. ಮತ್ತೆ ಎಣಿಸಿದ. ಮೂರಕ್ಕೆ ಸರಿಯಾಗಿ ಕಣ್ಣ ಮುಂದೆ ಬಂದದ್ದು ಬೆಳಿಗ್ಗೆ ನೋಡಿದ ಕಾಲುಚೀಲ. ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದರೆ ಅದು ಹೆಗಲ ಮೇಲೇ ಇತ್ತು.

ಬೆಳಿಗ್ಗೆ ಹತ್ತಕ್ಕೆ ಅಂಚೆಯಕ್ಕ ಬಂದಿದ್ದಳು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಅವಳದು. ಇಡೀ ದಿನ ನಿಂತೇ ಇರಬೇಕು. ಮೂರು ವರ್ಷದ ಹಿಂದೆ ಮೂಟೆಗಾಡಿಯೊಂದು ಜಾರಿ ಅವಳನ್ನು ಗೋಡೆಗೆ ಒತ್ತಿ ಹಿಡಿದದ್ದರಿಂದ ಎಡಗಾಲು ಮಂಡಿಯ ಕೆಳಗೆ ಒಂದು ಗೇಣು ಮಾತ್ರ ಉಳಿದಿತ್ತು. ಅವಳ ಹಳೇ ಕೃತಕ ಕಾಲು ಸವೆದುಹೋಗಿ, ಅವನೇ ಹೊಸದು ಮಾಡಿಕೊಟ್ಟು ಐದು ವಾರವಾಗಿತ್ತು. ಇವತ್ತು ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಅವನು ತನ್ನ ಹೊಸ ಆಲೋಚನೆಯ ಬಗ್ಗೆ ಆರು ನಿಮಿಷ ಮಾತನಾಡುವುದು, ಅದನ್ನು ಕ್ಯಾಮೆರಾದಲ್ಲಿ ಹಿಡಿಯುವುದು, ಕೊನೆಯಲ್ಲಿ ಅಂಚೆಯಕ್ಕ ಅವನು ಮಾಡಿದ ಕಾಲಿನ ಮೇಲೆ ನಡೆದು ಬಂದು ಪಕ್ಕದಲ್ಲಿ ನಿಲ್ಲುವುದು ಎಂದು ಗೊತ್ತಾಗಿತ್ತು. ಪಾದದ ಸ್ಕ್ರೂ ಸ್ವಲ್ಪ ಸಡಿಲ, ನಡೆಯುವಾಗ ಕಿರಕ್ ಅನ್ನುತ್ತೆ, ವಿಡಿಯೋದಲ್ಲಿ ನಿಮ್ಮ ಮಾನ ಹೋದೀತು ಎಂದು ತಮಾಷೆ ಮಾಡುತ್ತ ಅವಳು ಬೆಂಚಿನ ಮೇಲೆ ಕೂತು ಕಾಲು ಬಿಚ್ಚಿದಳು. ಮಂಡಿಯ ಕೆಳಗೆ ತೊಟ್ಟಿದ್ದ ಕಾಲುಚೀಲವೂ ಅದರ ಜೊತೆಗೇ ಕಳಚಿ ಅವನ ಕೈಗೆ ಬಂತು. ಬಿಳಿ ಹತ್ತಿಯ ಚೀಲ. ಮೂಳೆಯ ತುದಿ ಬರುವ ಜಾಗದಲ್ಲಿ ಗುಂಡಿಯಷ್ಟು ಅಗಲದ ಕಲೆ. ಅಂಚು ಒಣಗಿ ಕಂದಾಗಿತ್ತು, ನಡುವೆ ಇನ್ನೂ ಒದ್ದೆ ಇತ್ತು. ಅವಳು ಆಚೆ ನೋಡುತ್ತಿದ್ದಳು ಎಂದು ಅವನಿಗೆ ಅನ್ನಿಸಿತು. ಆ ಚೀಲವನ್ನು ಅವನು ಕಲೆ ಒಳಗೆ ಹೋಗುವ ಹಾಗೆ ಮಡಚಿದ. ಒಂದು ಮಡಿಕೆ, ಮೇಲೊಂದು ಮಡಿಕೆ. ಬೆಂಚಿನ ಮೇಲಿಟ್ಟು ಸ್ಕ್ರೂ ಬಿಗಿ ಮಾಡಿದ. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ನೂರು ಸಲ ಕೇಳಿಕೊಂಡ. ಕೈ ತಾನೇ ಮಾಡಿತು ಎಂದು ಹೇಳಿಕೊಳ್ಳಲು ನೋಡಿದ. ಆದರೆ ಮೂವತ್ತೊಂದು ವರ್ಷ ದುಡಿದ ಕೈ ತನ್ನಷ್ಟಕ್ಕೆ ತಾನು ಏನನ್ನೂ ಮಾಡುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಈ ಜಾಗಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೈದು. ಹಿರಿಯ ಮೇಸ್ತ್ರಿ ಮೊದಲ ದಿನವೇ ಒಂದು ಮಾತು ತಿದ್ದಿದ್ದರು. ಮೋಟು ಅನ್ನಬಾರದು, ಉಳಿದ ಕಾಲು ಅನ್ನಬೇಕು. ಉಳಿದ ಕಾಲು ಇಳಿದು ಕೂರುವ ಪ್ಲಾಸ್ಟಿಕ್ಕಿನ ಗೂಡಿಗೆ ಅವರು ಬಟ್ಟಲು ಎನ್ನುತ್ತಿದ್ದರು. ಬಟ್ಟಲಿನ ಅಳತೆಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುವ ಮೊದಲು, ಯಾರೇ ಬಂದಿರಲಿ, ಅರ್ಧ ಗಂಟೆ ಸುಮ್ಮನೆ ಕೂರಿಸುತ್ತಿದ್ದರು. ಹಳೇ ಕಾಲಿದ್ದರೆ ಬಿಚ್ಚಿಸಿ ಕೂರಿಸುತ್ತಿದ್ದರು. ಮಾತಿಗೆ ಎಳೆಯುತ್ತಿದ್ದರು. ಅವರ ಮೊದಲ ಪ್ರಶ್ನೆ ಯಾವತ್ತೂ ಒಂದೇ: "ನಿಮ್ಮನೆ ಗಡಿಯಾರ ಎಷ್ಟು ನಿಮಿಷ ಮುಂದಿದೆ?" ಗಾಬರಿಯಲ್ಲಿ ಬಿಗಿದುಕೊಂಡು ಕೂತವರು ಈ ಪ್ರಶ್ನೆಗೆ ಮೊದಲು ಪೆಚ್ಚಾಗುತ್ತಿದ್ದರು, ಆಮೇಲೆ ನಗುತ್ತಿದ್ದರು, ಆಮೇಲೆ ಅತ್ತೆ ಗಡಿಯಾರ ಮುಂದಿಡುವುದು, ಗಂಡ ಹಿಂದಿಡುವುದು, ಬಸ್ಸು ತಪ್ಪುವುದು, ಎಲ್ಲ ಹೊರಗೆ ಬರುತ್ತಿತ್ತು. ಕೇಳುತ್ತ ಕೇಳುತ್ತ ಮೇಸ್ತ್ರಿಯ ಅಂಗೈ ಉಳಿದ ಕಾಲಿನ ಮೇಲೆ ಬಂದು ಕೂತಿರುತ್ತಿತ್ತು. ಬಂದದ್ದು ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಇದು ಯಾಕೆ ಎಂದು ಅವನು ಒಮ್ಮೆ ಕೇಳಿದ್ದಕ್ಕೆ, "ಕೂರಿಸಿ ಮಾತಾಡಿಸು, ಅಷ್ಟೆ" ಎಂದಿದ್ದರು. ಅವರಿಗೂ ಅದಕ್ಕಿಂತ ಹೆಚ್ಚು ಗೊತ್ತಿತ್ತೋ ಇಲ್ಲವೋ. ಅವರು ತೀರಿಕೊಂಡ ಮೇಲೆ ಅರ್ಧ ಗಂಟೆ ಅವನ ಪಾಲಿಗೆ ಬಂತು. ಅವನೋ ಮಾತು ಬಾರದವನು. ಗಡಿಯಾರದ ಪ್ರಶ್ನೆಯನ್ನು ಒಂದು ಸಲ ಕೇಳಿ ನೋಡಿದ್ದ. ಎದುರಿಗಿದ್ದ ಗಂಡಸು, "ಸರಿಯಾಗೇ ಇದೆ, ಯಾಕೆ?" ಎಂದು ಅನುಮಾನದಿಂದ ನೋಡಿದ್ದ. ಅವತ್ತಿನಿಂದ ಇಪ್ಪತ್ತು ವರ್ಷ, ದಿನಕ್ಕೆ ನಾಲ್ಕು ಸಲ, ಅವನು ಗೋಡೆ ನೋಡುತ್ತ, ಅವರು ಅವನ ಬೆನ್ನು ನೋಡುತ್ತ ಆ ಅರ್ಧ ಗಂಟೆ ಕಳೆದಿದ್ದರು. ಕೆಲವರು ಕೆಮ್ಮುತ್ತಿದ್ದರು. ಕೆಲವರು ಇಲ್ಲಿ ಫ್ಯಾನ್ ಇಲ್ವಾ ಎನ್ನುತ್ತಿದ್ದರು.

ಫೋನಿನಲ್ಲಿ ಆ ಭಾಷಣಗಳನ್ನು ತೋರಿಸಿಕೊಟ್ಟವಳು ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳು, ಅಪ್ಪ ಬಸ್ಸಿನಲ್ಲಿ ಕಿಟಕಿ ನೋಡಿಕೊಂಡು ಮುದುಕ ಆಗುತ್ತಿದ್ದಾನೆ ಎಂದು ಕಿವಿಗೆ ಸಿಕ್ಕಿಸುವ ತಂತಿಯನ್ನೂ ತಂದುಕೊಟ್ಟಳು. ದೂರದ ಯಾವುದೋ ಊರಿನ ಜನ, ನಮ್ಮ ಭಾಷೆಯ ದನಿ ಹಚ್ಚಿದ್ದರು. ತುಟಿ ನಿಂತ ಮೇಲೂ ಮಾತು ಬರುತ್ತಿತ್ತು. ಮೊದಲ ದಿನ ಅವನು ನೋಡಿದ್ದು ಇರುವೆ ಸಾಲನ್ನು ಆರು ವರ್ಷ ನೋಡುತ್ತ ಕೂತು, ಅದರಿಂದ ದೊಡ್ಡ ಊರುಗಳ ರಸ್ತೆಗೆ ದಾರಿ ಕಂಡುಹಿಡಿದವನದು. ಎರಡನೆಯ ದಿನ, ಕುರುಡರು ಬೆರಳಲ್ಲಿ ಓದುವ ಹಾಗೆ ನಕ್ಷೆ ಹೊಲಿದ ಹೆಂಗಸಿನದು. ಇಳಿಯುವ ನಿಲ್ದಾಣ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿ ನಡೆದು ವಾಪಸು ಬಂದ. ನಡೆಯುತ್ತ ಎದೆ ಹೊಡೆದುಕೊಳ್ಳುತ್ತಿತ್ತು. ಐದನೆಯ ತರಗತಿಗೆ ಶಾಲೆ ಬಿಟ್ಟವನಿಗೆ ಆಲೋಚನೆ ಎಂಬುದು ಬೇರೆಯವರ ಮನೆಯ ಸಾಮಾನಾಗಿತ್ತು. ಈಗ ಯಾರೋ ಬಾಗಿಲು ತೆಗೆದು ಒಳಗೆ ಬಾ, ಇದು ನಿನ್ನದೂ ಹೌದು ಎಂದ ಹಾಗಾಯಿತು. ಆ ತಿಂಗಳು ಅವನು ಕಾಗೆಗಳನ್ನು ನೋಡಿದ, ನೀರಿನ ಕೊಳವೆಯ ತಿರುವುಗಳನ್ನು ನೋಡಿದ, ತನ್ನ ಅರವನ್ನು ಕೈಯಲ್ಲಿ ಹಿಡಿದು ಇದರ ಹಲ್ಲು ಯಾಕೆ ಹೀಗಿದೆ ಎಂದು ನೋಡಿದ. ಮುಖದಲ್ಲಿ ಕಳೆ ಬಂದಿದೆ ಎಂದು ಮಗಳು ಅಂದಳು. ಹೆಂಡತಿ ಮಾತ್ರ, ಮನೇಲಿ ಉಪ್ಪು ಬೇಕಂದ್ರೂ ಕೈಸನ್ನೆ ಮಾಡೋರಿಗೆ ಇನ್ನೊಬ್ಬರ ಮಾತು ಅಂದ್ರೆ ಎಷ್ಟು ರುಚಿ ನೋಡು ಎಂದಳು. ಅದು ಸುಳ್ಳಲ್ಲವಾದ್ದರಿಂದ ಅವನು ತಟ್ಟೆ ನೋಡಿಕೊಂಡು ಉಂಡ.

ಒಂದು ದಿನ ಬೋಳುತಲೆಯವನೊಬ್ಬ ಆ ಬೆಳಕಿನಲ್ಲಿ ನಿಂತು, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಕೇಳಿದ: ನಿಮ್ಮ ಕೆಲಸದಲ್ಲಿ ಯಾರೂ ಯಾಕೆ ಎಂದು ಕೇಳದೆ ಮಾಡುತ್ತಿರುವುದು ಏನಿದೆ? ಅದನ್ನು ಹುಡುಕಿ. ಅದನ್ನು ತೆಗೆಯಿರಿ. ಅವನು ಬಸ್ಸಿನಲ್ಲಿ ನೆಟ್ಟಗೆ ಕೂತ. ಬೋಳುತಲೆಯವನು ಅಷ್ಟು ಜನರ ನಡುವಿನಿಂದ ತನ್ನನ್ನೇ ಆರಿಸಿ ಕೇಳಿದ ಹಾಗಿತ್ತು. ಮಾರನೆಯ ದಿನದಿಂದ ಬಂದವರನ್ನು ಕೂರಿಸಲಿಲ್ಲ. ಬಂದರು, ಕಾಲು ಬಿಚ್ಚಿದರು, ಪಟ್ಟಿ ಸುತ್ತಿದ, ಅಚ್ಚು ಆಯಿತು. ನಾಲ್ಕು ಜನರ ಜಾಗದಲ್ಲಿ ಆರು ಜನ. ಮೇಲ್ವಿಚಾರಕಿ ಮೇಡಂ ಮೂರನೇ ದಿನ ಬಂದು ಏನು ಮಾಡಿದಿರಿ ಎಂದು ಕೇಳಿದರು. ಹೇಳಿದ. ಆಕೆಗೆ ಅವನ ಮಗಳ ವಯಸ್ಸು. ಮೂವತ್ತು ವರ್ಷದಿಂದ ಯಾರಿಗೂ ಹೊಳೆದಿರಲಿಲ್ಲವಲ್ಲ ಸರ್ ಎಂದರು. ಆ ಜಾಗದಲ್ಲಿ ಅವನನ್ನು ಯಾರಾದರೂ ಸರ್ ಎಂದದ್ದು ಅದೇ ಮೊದಲು. ಈ ಐದು ವಾರ ಆ ಒಂದು ಮಾತಿನ ಮೇಲೆ ಅವನು ಎಷ್ಟು ಬೆಳಗು ಬೇಗ ಎದ್ದಿದ್ದ, ಹೇಳಿದರೆ ನಾಚಿಕೆ. ಆರು ನಿಮಿಷದ ಮಾತು ಬರೆಸಿಕೊಟ್ಟವರೂ ಆಕೆಯೇ. ಇವೆಲ್ಲ ಕೂಡಿ ಅವನ ಕೈಯಿಂದ ಒಂದು ಕೇಡು ಮಾಡಿಸಿದ್ದವು. ಅದು ಗೊತ್ತಾದದ್ದು ಇವತ್ತು, ಕಾಲುಚೀಲ ಮಡಚಿದ ಮೇಲೆ. ಹಳೇ ಬಟ್ಟಲು ಹಿಡಿದಿಟ್ಟ ಮಾಂಸ ಬಿಡುಗಡೆಯಾಗಿ ತನ್ನ ಅಳತೆಗೆ ಬರಬೇಕಾದರೆ ಹೊತ್ತು ಬೇಕು. ಹೆದರಿಕೆಯಲ್ಲಿ ಬಿಗಿದ ಸ್ನಾಯು ಸಡಿಲವಾಗಬೇಕಾದರೆ ಮಾತು ಬೇಕು. ಬಿಗಿದ ಕಾಲಿಗೆ ಪಟ್ಟಿ ಸುತ್ತಿದರೆ ಅಚ್ಚು ಬಿಗಿ ಬರುತ್ತದೆ, ಬಟ್ಟಲು ಬಿಗಿ ಬರುತ್ತದೆ, ಮೂಳೆಯ ತುದಿ ದಿನವೆಲ್ಲ ಅದಕ್ಕೆ ಉಜ್ಜುತ್ತದೆ. ಇಷ್ಟೇ. ಇಪ್ಪತ್ತು ವರ್ಷ ಅವನು ಮಾತಾಡಿಸದಿದ್ದರೂ ಕೂರಿಸಿದ್ದನಲ್ಲ, ಅದಕ್ಕೇ ಯಾರಿಗೂ ಗಾಯವಾಗಿರಲಿಲ್ಲ. ಕೂರಿಸುವುದನ್ನು ಬಿಟ್ಟದ್ದು ಆಲೋಚನೆಯಾದರೂ ಆಗಿತ್ತೇ? ತನಗೆ ಬಾರದ ಒಂದನ್ನು, ತನಗೆ ದಿನಾ ಮುಜುಗರ ಮಾಡುತ್ತಿದ್ದ ಒಂದನ್ನು, ಬೋಳುತಲೆಯವನ ಹೆಸರು ಹೇಳಿ ಕಿತ್ತುಹಾಕಿದ್ದ.

ಗಾಯ ಮೂಳೆ ಮುಟ್ಟಿದರೆ ಏನಾಗುತ್ತದೆಂದು ಅವನು ನೋಡಿದ್ದ. ಬೇರೆ ಕಡೆ ಕಾಲು ಮಾಡಿಸಿಕೊಂಡು ಹೀಗೇ ಗಾಯ ಮುಚ್ಚಿಟ್ಟುಕೊಂಡಿದ್ದ ಬಡಗಿಯೊಬ್ಬ, ನಾಲ್ಕು ತಿಂಗಳು ಬಿಟ್ಟು ಬಂದಾಗ ಮಂಡಿ ಇರಲಿಲ್ಲ. ತೊಡೆಯಲ್ಲಿ ಕತ್ತರಿಸಿದ್ದರು. ಮಂಡಿ ಇದ್ದವನು ಮೆಟ್ಟಿಲು ಹತ್ತುತ್ತಾನೆ. ಮಂಡಿ ಇಲ್ಲದವನು ಮೆಟ್ಟಿಲನ್ನು ನೋಡುತ್ತಾನೆ. ಅಂಚೆಯಕ್ಕನ ಮನೆ ಮೂರನೇ ಮಹಡಿಯಲ್ಲಿ ಎಂದು ಅವಳೇ ಹೇಳಿದ್ದಳು.

ಎರಡೂಮುಕ್ಕಾಲಿಗೆ ಮೇಲಕ್ಕೆ ಕರೆದರು. ಅಷ್ಟರೊಳಗೆ ಅವಳಿಗೆ ಹೇಳುವುದು ಎಂದು ನಿಶ್ಚಯ ಮಾಡಿಕೊಂಡಿದ್ದ. ಮೆಟ್ಟಿಲಲ್ಲಿ ಅವಳು ಕೈಹಿಡಿಕೆ ಹಿಡಿದು ಅವನ ಮುಂದೆ ಹತ್ತುತ್ತಿದ್ದಳು. ಕಾಲು ಮಾಡುವವನಿಗೆ ನಡಿಗೆ ಕಿವಿಯಲ್ಲೇ ಕಾಣುತ್ತದೆ. ಬಲಗಾಲು ಪೂರ್ತಿ, ಎಡಗಾಲು ಅರ್ಧ. ಬಲಗಾಲು ಪೂರ್ತಿ, ಎಡಗಾಲು ಅರ್ಧ. ಅಕ್ಕ ಎಂದು ಕರೆದ. ತಿರುಗಿದಳು. ಮುಖ ಬೆವೆತಿತ್ತು. ಸ್ಕ್ರೂ ಈಗ ಸರಿಯಾಗಿದೆಯಾ ಎಂದು ಕೇಳಿದ. ಅವಳು ಅವನನ್ನು ಒಂದು ಗಳಿಗೆ ನೋಡಿ, "ಸ್ಕ್ರೂ ಸರಿಯಾಗಿದೆ ಅಣ್ಣ" ಎಂದಳು. ಐದು ವಾರದಲ್ಲಿ ಎರಡು ಸಲ ಬಂದಾಗಲೂ ಸ್ವಲ್ಪ ಚುಚ್ಚುತ್ತೆ, ನಾನೇ ಜಾಸ್ತಿ ನಿಂತುಬಿಡ್ತೀನಿ, ನಂದೇ ತಪ್ಪು ಅಂದಿದ್ದಳು. ಹೊಸದಲ್ವಾ, ಹೊಂದಿಕೊಳ್ಳುತ್ತೆ ಎಂದು ಅವನು ಅಂದಿದ್ದ. ಹೊಂದಿಕೊಳ್ಳಬೇಕಾದದ್ದು ಯಾವುದು, ಪ್ಲಾಸ್ಟಿಕ್ಕೋ ಮಾಂಸವೋ, ಅದನ್ನು ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ನಡುವೆ ದುಂಡನೆಯ ಚಾಪೆಯೊಂದನ್ನು ಹಾಸಿ ಅದರ ಮೇಲೆ ದೀಪ ಬಿಟ್ಟಿದ್ದರು. ಇಷ್ಟೇನಾ ಎನ್ನಿಸಿತು, ಆದರೂ ಅದರ ಮೇಲೆ ಕಾಲಿಟ್ಟ ಕೂಡಲೇ ಮೈ ಜುಮ್ಮೆಂದಿತು. ಆ ಸಂತೋಷ ಬಂದದ್ದಕ್ಕೆ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಆದರೆ ಸಂತೋಷ ಹೋಗಲಿಲ್ಲ. ಮೂರು ಎಣಿಸಿದ. ಮಾತು ಬಂತು. ತಾನೇ ಬೆರಗಾಗುವಷ್ಟು ಚೆನ್ನಾಗಿ ಬಂತು. ಕೈಗಳು ಫೋನಿನಲ್ಲಿ ನೋಡಿದವರ ಕೈಗಳ ಹಾಗೆ ತಾವೇ ಏಳುತ್ತಿದ್ದವು. "ಒಂದನ್ನು ತೆಗೆದೆ, ಎಲ್ಲವೂ ಹಗುರವಾಯಿತು" ಎಂಬಲ್ಲಿಗೆ ಬಾಗಿಲು ತೆರೆದು ಅಂಚೆಯಕ್ಕ ನಡೆದು ಬಂದಳು. ಬಾಗಿಲಿನಿಂದ ಚಾಪೆಗೆ ಹನ್ನೆರಡು ಹೆಜ್ಜೆ. ನಗುತ್ತಿದ್ದಳು. ಬಂದು ನಿಂತಾಗ ಹೊರಗೆ ಲಾರಿಯೊಂದು ಹಾರ್ನ್ ಬಾರಿಸಿತು. ಕ್ಯಾಮೆರಾದವನು ತಲೆ ಅಲ್ಲಾಡಿಸಿ, ಕೊನೆಯ ಭಾಗ ಇನ್ನೊಂದು ಸಲ, ಅಕ್ಕ ನಡೆಯೋದು ಮಾತ್ರ ಎಂದ. ಅವಳು ವಾಪಸು ಬಾಗಿಲಿಗೆ ಹೋದಳು. ಅದು ಹನ್ನೆರಡು. ಮತ್ತೆ ಬಂದಳು. ಅದು ಹನ್ನೆರಡು. ಈ ಸಲ ಅವನಿಗೆ ಎಡಗಾಲಿನ ಸದ್ದು ಕೇಳಿಸಲೇ ಇಲ್ಲ, ಅಷ್ಟು ಮೆತ್ತಗೆ ಊರುತ್ತಿದ್ದಳು. ಹೇಳಬೇಕು. ಈಗ ಹೇಳಬೇಕು. ಆದರೆ ಮೇಡಂ ಹಿಂದಿನಿಂದ ಎರಡು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು, ಅವರ ಮುಖ ಬೆಳಗುತ್ತಿತ್ತು, ಇವತ್ತಿನ ತನಕ ಅವನಿಂದಾಗಿ ಯಾರ ಮುಖವೂ ಹಾಗೆ ಬೆಳಗಿರಲಿಲ್ಲ. ಇದೊಂದು ಮುಗಿಯಲಿ, ಆಮೇಲೆ ಕೆಳಗೆ ಕರೆದುಕೊಂಡು ಹೋಗಿ ಗುಟ್ಟಾಗಿ ಬಟ್ಟಲು ಬದಲಾಯಿಸಿಕೊಡುತ್ತೇನೆ ಎಂದುಕೊಂಡ. ಗುಟ್ಟಾಗಿ ಎಂಬ ಮಾತು ಮನಸ್ಸಿನಲ್ಲಿ ಬಂದದ್ದು ಅವನಿಗೇ ಕೇಳಿಸಿತು.

"ಚೆನ್ನಾಗಿ ಬಂತು. ಅಕ್ಕ, ಇನ್ನೊಂದೇ ಒಂದು ಸಲ," ಎಂದ ಕ್ಯಾಮೆರಾದವನು. "ಸ್ವಲ್ಪ ಬೇಗ ನಡೀತೀರಾ? ಹಗುರ ಅನ್ನೋದು ಕಾಣ್ಬೇಕಲ್ಲ."

ಅವಳು ತಿರುಗಿ ಹೋದಳು. ಬಾಗಿಲ ಹತ್ತಿರ ನಿಂತು ಚೌಕಟ್ಟಿಗೆ ಕೈ ಕೊಟ್ಟು, ಉಸಿರು ಎಳೆದುಕೊಂಡು, ಮುಖಕ್ಕೆ ನಗು ಹಚ್ಚಿಕೊಂಡು, ಅವನನ್ನು ನೋಡಿದಳು. ಕ್ಯಾಮೆರಾ ನೋಡಲಿಲ್ಲ, ಅವನನ್ನೇ ನೋಡಿದಳು. ಬೇಗ ಬೇಗ ಬಂದಳು. ಒಂದು, ಎರಡು, ಮೂರು ಎಂದು ಅವನು ಎಣಿಸಲು ಶುರುಮಾಡಿದ್ದು ಮಾತಿಗಾಗಿ, ಎಣಿಸಿದ್ದು ಹೆಜ್ಜೆಗಳನ್ನು. ಏಳನೆಯದಕ್ಕೆ ಅವಳ ಸೊಂಟ ಪಕ್ಕಕ್ಕೆ ಎಗರಿತು. ಒಂಬತ್ತನೆಯದಕ್ಕೆ ಅವನು ಚಾಪೆ ಬಿಟ್ಟು ಹೋಗಿ ಅವಳ ಮೊಣಕೈ ಹಿಡಿದ.

"ಸಾಕು ಅಕ್ಕ. ಕೂತ್ಕೊಳ್ಳಿ."

ಗೋಡೆಯ ಪಕ್ಕದ ಕುರ್ಚಿ ಎಳೆದು ಕೂರಿಸಿದ. ತಾನು ನೆಲದ ಮೇಲೆ ಕೂತು, ಬಟ್ಟೆ ಮೇಲೆತ್ತಿ, ಪಟ್ಟಿ ಬಿಚ್ಚಿ, ಕಾಲು ಕಳಚಿದ. ಬೆಳಿಗ್ಗೆ ಗುಂಡಿಯಷ್ಟಿದ್ದ ಕಾಲುಚೀಲದ ಕಲೆ ಈಗ ಅಂಗೈಯಷ್ಟಾಗಿತ್ತು. ಯಾರೋ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಈ ಬಟ್ಟಲು ತಪ್ಪಾಗಿದೆ ಎಂದು ಅವನು ಕೈಯಲ್ಲಿದ್ದ ಕಾಲಿಗೆ ಹೇಳಿದ. ಆಮೇಲೆ ತಲೆಯೆತ್ತಿ ಕ್ಯಾಮೆರಾಕ್ಕೆ ಹೇಳಿದ. ನಾನೇ ಮಾಡಿದ್ದು. ಕೂರಿಸದೆ ಅಳತೆ ತೆಗೆದೆ. ಇವರೊಬ್ಬರದೇ ಅಲ್ಲ, ಈ ಐದು ವಾರದಲ್ಲಿ ಹನ್ನೊಂದು ಜನರ ಮನೆಗೆ ಇಂಥದೇ ಬಟ್ಟಲು ಹೋಗಿದೆ, ಅಚ್ಚು ತೆಗೆದವು ಇನ್ನೂ ಎಷ್ಟೋ ಕೆಳಗಿವೆ. ಫೋನಿನವರ ಹಾಗೆ ಕೈ ಏಳಲಿಲ್ಲ, ದನಿ ಹೊಟ್ಟೆಯಿಂದ ಬರಲಿಲ್ಲ. ಬರೆಸಿಕೊಟ್ಟದ್ದರಲ್ಲಿ ಇದಿಲ್ಲವಲ್ಲ ಎಂದು ಕ್ಯಾಮೆರಾದವನು ಮೇಡಂ ಕಡೆ ನೋಡಿದ. ಮೇಡಂ ಬಂದು ಅವನ ಪಕ್ಕದಲ್ಲಿ ಬಗ್ಗಿ, ಆ ಹನ್ನೊಂದು ಜನರನ್ನೂ ವಾಪಸು ಕರೆಸಬೇಕಾ ಎಂದು ಮೆಲ್ಲಗೆ ಕೇಳಿದರು. ಈ ಸಲ ಸರ್ ಅನ್ನಲಿಲ್ಲ. ಹೌದು ಎಂದ. ಅವರು ಒಂದು ಕ್ಷಣ ದುಂಡನೆಯ ಚಾಪೆ ನೋಡಿ, ದೀಪ ಆರಿಸಲು ಹೇಳಿ, ಡಾಕ್ಟರಿಗೆ ಫೋನ್ ಮಾಡುತ್ತ ಹೊರಗೆ ಹೋದರು. ಕ್ಯಾಮೆರಾದವನು ತಂತಿ ಸುತ್ತಿಕೊಂಡು ಹಿಂದೆಯೇ ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳು ಗಾಯ ನೋಡುತ್ತಿರಲಿಲ್ಲ. ಈಗ ಕ್ಷಮಿಸಿ ಎನ್ನಬೇಕು ಎಂದು ಅವನು ಬಾಯಿ ತೆರೆದ.

"ಬೆಳಿಗ್ಗೆ ನೀವು ಚೀಲ ಮಡಚಿದ್ದು ನೋಡ್ದೆ," ಎಂದಳು ಅವಳು.

ಅವನು ಕೈಯಲ್ಲಿದ್ದ ಕಾಲನ್ನು ತೊಡೆಯ ಮೇಲಿಟ್ಟುಕೊಂಡ.

"ಅಲ್ಲೀವರೆಗೂ ನನ್ನದೇ ತಪ್ಪು ಅಂದ್ಕೊಂಡಿದ್ದೆ. ಜಾಸ್ತಿ ನಿಂತೆ, ಜಾಸ್ತಿ ನಡೆದೆ ಅಂತ. ಅಣ್ಣನಿಗೆ ಹೇಳಿದ್ರೆ ಪಾಪ ಅವರ ಭಾಷಣ ಹಾಳಾಗುತ್ತೆ, ಇವತ್ತೊಂದು ದಿನ ತಡ್ಕೊಳ್ಳೋಣ ಅಂತಾನೇ ಬಂದಿದ್ದು. ನೀವು ಮಡಚಿದಾಗ ಗೊತ್ತಾಯ್ತು, ತಪ್ಪು ನಂದಲ್ಲ ಅಂತ." ಅವಳು ದನಿ ಎತ್ತಲಿಲ್ಲ, ಕಾಗದದ ಮೇಲಿನ ವಿಳಾಸ ಓದುವ ಹಾಗೆ ಒಂದೊಂದಾಗಿ ಓದುತ್ತಿದ್ದಳು. "ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಮೂರು ಸಲ ನಡೆದೆ ನಾನು. ಕಾಲು ಕೊಡಿ. ಮನೆಗೆ ಹೋಗ್ತೀನಿ."

ಕಾಲು ಅವನ ತೊಡೆಯ ಮೇಲಿತ್ತು. ಬಟ್ಟಲಿನೊಳಗೆ ಇನ್ನೂ ಅವಳ ಮೈಯ ಬಿಸಿ ಇತ್ತು. ಮೂವತ್ತೊಂದು ವರ್ಷದಲ್ಲಿ ಅವನು ಕೈಚಾಚಿದವರಿಗೆಲ್ಲ ಕಾಲು ಕೊಟ್ಟಿದ್ದ, ಅದೊಂದೇ ಅವನು ಜನರಿಗೆ ಮಾಡಿದ್ದು.

"ಕೊಡಲ್ಲ," ಎಂದ.

ಅವಳು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಅದನ್ನು ಎಳೆದುಕೊಂಡು ಕುರ್ಚಿಯ ಅಂಚು ಹಿಡಿದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಡಾಕ್ಟರು ಬರಲು ಎಷ್ಟು ಹೊತ್ತೋ. ಅವನು ಕಾಲನ್ನು ತನ್ನ ಹಿಂದೆ, ಅವಳಿಗೆ ಎಟುಕದ ಹಾಗೆ ಇಟ್ಟ. ತೊಳೆದ ಬಟ್ಟೆ ತಂದು ಗಾಯದ ಮೇಲೆ ಹಗುರವಾಗಿ ಹೊದಿಸಿದ. ಮುಟ್ಟಬೇಡಿ ಎಂದು ಅವಳು ಹೇಳಲಿಲ್ಲ. ಗಾಯದ ಮೇಲಿನ ಸ್ನಾಯು ಕಲ್ಲಿನ ಹಾಗೆ ಬಿಗಿದಿತ್ತು. ಅಲ್ಲಿ ಅಂಗೈ ಇಡುವ ಧೈರ್ಯ ಅವನಿಗಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಈ ಅರ್ಧ ಗಂಟೆ ಸಾಲುವುದಿಲ್ಲ, ಇನ್ನೊಂದೂ ಸಾಲುವುದಿಲ್ಲ, ಎಷ್ಟಾದರೆ ಸಾಕೆಂದು ಹೇಳಲು ಮೇಸ್ತ್ರಿಯೂ ಇಲ್ಲ. ಅವನು ನೆಲದ ಮೇಲೇ ಕೂತಿದ್ದ. ಗೋಡೆ ನೋಡಲಿಲ್ಲ, ಅವಳಿಗೆ ಬೆನ್ನು ಮಾಡಲಿಲ್ಲ. ಹೇಳಬಹುದಾದ ಮಾತುಗಳನ್ನು ಒಂದೊಂದೇ ಬಾಯಿಯ ತನಕ ತಂದು ನುಂಗಿದ. ಕೊನೆಗೆ, ಇಪ್ಪತ್ತು ವರ್ಷದ ಹಿಂದೆ ಒಂದೇ ಸಲ ಕೇಳಿ ಪೆಚ್ಚಾಗಿ ಬಿಟ್ಟಿದ್ದ ಮಾತು ಬಂತು.

"ಅಕ್ಕ, ನಿಮ್ಮನೆ ಗಡಿಯಾರ ಎಷ್ಟು ನಿಮಿಷ ಮುಂದಿದೆ?"

ಅವಳು ತಿರುಗಲಿಲ್ಲ. ಅವನು ಮೂರು ಎಣಿಸಿದ. ನೂರು ಎಣಿಸಿದ. ಅವನು ಎದ್ದು ಹೋಗಲಿಲ್ಲ.